ಹನ್ನೆರಡನೆಯ ಸಂಗಾತಿ

ಒಬ್ಬ ವ್ಯಕ್ತಿ ಬಹಳ ಸಜ್ಜನನೆಂದು ಇನ್ನೊಬ್ಬನು ಬಂದು ಸಾಕ್ಷಿ ನುಡಿದಾಗ ದ್ವಿತೀಯ ಖಲೀಫಾ ಹಝ್ರತ್ ಉಮರ್(ರ) ಆ ಮಾತನ್ನು ಒಡನೆಯೇ ಒಪ್ಪಿಕೊಳ್ಳಲಿಲ್ಲವೆಂಬ ಪ್ರಸಂಗವನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರುತ್ತೇವೆ. ಆತನ ನೆರೆಯಲ್ಲಿ ವಾಸಿಸಿದ್ದೀಯಾ, ಆತನೊಂದಿಗೆ ಹಣದ ವ್ಯವಹಾರ ಮಾಡಿದ್ದೀಯಾ, ಆತನ ಜೊತೆ ಪ್ರಯಾಣ ಮಾಡಿದ್ದೀಯಾ ಎಂದು ಅವರು ವಿಚಾರಿಸಿದರು. ಮೂರಕ್ಕೂ ಇಲ್ಲವೆಂಬ ಉತ್ತರ ಬಂದಾಗ, ಸಾಕ್ಷಿ ನುಡಿದವನಿಗೆ ಆ ವ್ಯಕ್ತಿಯ ಪರಿಚಯವೇ ಇಲ್ಲವೆಂದು ತೀರ್ಮಾನಿಸಿದರು. ಮಸೀದಿಯಲ್ಲಿ ಪಕ್ಕದಲ್ಲಿ ನಿಂತು ನಮಾಝ್ ಮಾಡಿದ ಮಾತ್ರಕ್ಕೆ ಮನುಷ್ಯನ ಒಳಗು ತಿಳಿಯುವುದಿಲ್ಲ. ‘ಸಫರ್’ ಎಂಬ ಅರಬಿ ಪದದ ಮೂಲದಲ್ಲಿ ಮುಸುಕು ಸರಿಯುವುದು, ಬೆಳಕಿಗೆ ಬರುವುದು ಎಂಬ ಅರ್ಥವೂ ಇದೆ. ಪ್ರಯಾಣವು ಮನುಷ್ಯನ ಸ್ವಭಾವವನ್ನು ಬಯಲಿಗೆ ತರುತ್ತದೆಯೆಂದು ವಿದ್ವಾಂಸರು ಈ ಅರ್ಥದ ಆಧಾರದಲ್ಲಿಯೇ ವಿವರಿಸಿದ್ದಾರೆ.

ಕಳೆದ ಚಳಿಗಾಲದಲ್ಲಿ ಹೀಗೆಯೇ ನಮ್ಮ ಮುಸುಕು ಸರಿಯಿತು. ನಮ್ಮ ಸ್ವಭಾವ ನಮಗೇ ಬಯಲಾಯಿತು. ಆ ಪ್ರಸಂಗವನ್ನು ಓದುಗರ ಮುಂದಿಡುವುದು ಸಂಕೋಚದ ಸಂಗತಿಯೇ ಆದರೂ, ರಜೆ ಬಂತೆಂದರೆ ಗುಂಪುಗುಂಪಾಗಿ ಪ್ರವಾಸ ಹೊರಡುವ ನಮ್ಮ ಯುವಕರಿಗೂ ಹಿರಿಯರಿಗೂ ಅದು ಉಪಯುಕ್ತವಾಗಬಹುದೆಂಬ ಭಾವನೆಯಿಂದ ಬರೆಯುತ್ತಿದ್ದೇವೆ.

ಜಮಖಂಡಿ, ಮುಧೋಳ ಮತ್ತು ಬನಹಟ್ಟಿಯ ನಾವು ಹನ್ನೊಂದು ಮಂದಿ ಗೆಳೆಯರು ದಾಂಡೇಲಿಯ ಕಾಡಿಗೆ ಹೊರಟಿದ್ದೆವು. ನಮ್ಮಲ್ಲಿ ಇಬ್ಬರು ಶಿಕ್ಷಕರು, ಮೂವರು ಅಂಗಡಿಕಾರರು, ಇಬ್ಬರು ವಿದ್ಯುತ್ ಮಗ್ಗದ ನೇಕಾರರು, ಮೂವರು ಕಾಲೇಜು ವಿದ್ಯಾರ್ಥಿಗಳು, ಒಬ್ಬರು ಮಸೀದಿಯ ಇಮಾಮರು. ಒಂದು ಕ್ರೂಸರ್ ಗಾಡಿಯನ್ನು ಮೂರು ದಿನಗಳಿಗೆ ಬಾಡಿಗೆಗೆ ಗೊತ್ತುಮಾಡಿ, ಲೋಕಾಪುರ, ಯರಗಟ್ಟಿ, ಧಾರವಾಡ, ಹಳಿಯಾಳಗಳ ಮಾರ್ಗವಾಗಿ ಸುಮಾರು 200 ಕಿ.ಮೀ. ಪ್ರಯಾಣಿಸಿ ಕುಳಗಿಯ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವನ್ನು ಸೇರಿದೆವು. ಕಬ್ಬಿನ ಗದ್ದೆ, ಜೋಳದ ಹೊಲ ಮತ್ತು ಬಿಸಿಲನ್ನೇ ಕಂಡು ಬೆಳೆದ ನಮ್ಮ ಕಣ್ಣುಗಳಿಗೆ ಹಳಿಯಾಳ ದಾಟಿದ ಮೇಲಿನ ಹಸಿರು ಒಂದು ವಿಸ್ಮಯವಾಗಿತ್ತು.

ಆ ಸೀಮೆಯ ಹಿರಿಮೆ ಸಣ್ಣದಲ್ಲ. ಅಣಶಿ ರಾಷ್ಟ್ರೀಯ ಉದ್ಯಾನವು 1987ರಲ್ಲಿ ಘೋಷಿತವಾಯಿತು. ಸುಮಾರು 340 ಚದರ ಕಿ.ಮೀ. ವಿಸ್ತಾರದ ಈ ಉದ್ಯಾನವನ್ನು ನೆರೆಯ ದಾಂಡೇಲಿ ವನ್ಯಜೀವಿ ಧಾಮದೊಂದಿಗೆ ಕೂಡಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಗುರುತಿಸಲಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನಿಡಲಾಯಿತು. ಹುಲಿ, ಕರಿಚಿರತೆ, ಕಾಡುಕೋಣ, ಆನೆಗಳ ನೆಲೆಯದು. ದೊಡ್ಡ ಮಂಗಟ್ಟೆ ಹಕ್ಕಿಯನ್ನು ನೋಡಲೆಂದೇ ದೂರದೂರದಿಂದ ಜನರು ಅಲ್ಲಿಗೆ ಬರುತ್ತಾರೆ.

ಗುಡಾರಗಳ ಮುಂದೆ ಕುಳಿತು ಇಶಾ ನಮಾಝನ್ನು ಎರಡು ರಕ್‌ಅತ್‌ಗಳಿಗೆ ಮೊಟಕುಗೊಳಿಸಿ ನಿರ್ವಹಿಸಿದೆವು. ತಲೆಯ ಮೇಲೆ ತೇಗದ ಮರಗಳು, ಅವುಗಳ ಸಂದಿಯಲ್ಲಿ ನಕ್ಷತ್ರಗಳು. ಸೃಷ್ಟಿಯ ಕುರಿತು ಚಿಂತಿಸುವುದೂ ಒಂದು ಆರಾಧನೆಯೆಂದು ಇಮಾಮರು ಚಿಕ್ಕದಾಗಿ, ಹೃದಯಕ್ಕೆ ತಟ್ಟುವಂತೆ ಮಾತನಾಡಿದರು. ನಮ್ಮಲ್ಲಿ ಕೆಲವರ ಕಣ್ಣುಗಳು ತೇವಗೊಂಡವು. ಅನಂತರ ಊಟ ಮಾಡಿ, ಹರಟೆ ಹೊಡೆದು, ಗುಡಾರಗಳಲ್ಲಿ ಕಂಬಳಿ ಹೊದ್ದು ಮಲಗಿದೆವು. ಅದೊಂದು ಧನ್ಯವಾದ ರಾತ್ರಿಯೆಂದೇ ನಾವು ತಿಳಿದಿದ್ದೆವು.

ಬೆಳಗಿನ ಜಾವ ಫಜ್ರ್‌ಗಾಗಿ ಎದ್ದ ಇಮಾಮರು ನೀರಿನ ಡಬ್ಬಿ ತರಲೆಂದು ಗಾಡಿಯ ಬಳಿಗೆ ಹೋದರು. ಚಾಲಕರು ಮುಂದಿನ ಸೀಟಿನಲ್ಲಿ ಮೊಣಕಾಲುಗಳನ್ನು ಎದೆಗೆ ಆನಿಸಿಕೊಂಡು, ತಲೆಗೆ ಟಾವೆಲ್ ಸುತ್ತಿಕೊಂಡು ಕುಳಿತಿದ್ದರು.

“ಯಾಕ್ರೀ ಕಾಕಾ, ರಾತ್ರಿ ಇಲ್ಲೇ ಮಲಗಿದ್ರೇನು?”

“ಹೌದ್ರಿ ಸಾಹೇಬ್ರ. ನಮಗೇನ್ರಿ, ಗಾಡೀನ ಮನಿ.”

“ಥಂಡಿಗೆ ನಿದ್ದಿ ಹತ್ತಿತೇನ್ರಿ?”

“ಒಂದೀಟು ಹತ್ತಿತ್ರಿ. ಹಗಲಿ ಗಾಡಿ ಹೊಡಿಯೂದೈತಲ್ರಿ, ಬರೇ ಕಣ್ಣರ ಮುಚ್ಚೂಣು ಅಂತ ಮುಚ್ಚಿದ್ನಿ.”

ಇಮಾಮರು ಮರಳಿ ಬಂದು ನಮ್ಮೆಲ್ಲರನ್ನೂ ಎಬ್ಬಿಸಿದರು. ನಮಾಝಿನ ಬಳಿಕ ಅವರು ಒಂದೇ ಪ್ರಶ್ನೆ ಕೇಳಿದರು: “ನಾವು ಎಷ್ಟು ಮಂದಿ ಬಂದಿದ್ದೇವೆ?” ಹನ್ನೊಂದು ಎಂದು ವಿದ್ಯಾರ್ಥಿಯೊಬ್ಬನು ಥಟ್ಟನೆ ಉತ್ತರಿಸಿದನು. “ಗಾಡಿಯಲ್ಲಿ ಎಷ್ಟು ಮಂದಿ ಇದ್ದೆವು?” ಎಂದು ಅವರು ಮತ್ತೆ ಕೇಳಿದಾಗ ಯಾರೂ ಉತ್ತರಿಸಲಿಲ್ಲ.

ಗುಡಾರಗಳನ್ನು ಕಾಯ್ದಿರಿಸುವಾಗ ನಾವು ಹನ್ನೊಂದು ಎಂದು ಬರೆಸಿದ್ದೆವು. ಊಟಕ್ಕೂ ಹನ್ನೊಂದು ಎಂದೇ ಹೇಳಿದ್ದೆವು. ಚಾಲಕರು ಹಿಂದಿನ ರಾತ್ರಿ ಮನೆಯಿಂದ ಕಟ್ಟಿಕೊಂಡು ಬಂದಿದ್ದ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಗಾಡಿಯಲ್ಲಿಯೇ ಕುಳಿತು ತಿಂದಿದ್ದರೆಂಬುದು ಆಗ ತಿಳಿಯಿತು. ಶಿಬಿರದವರ ತಪ್ಪೇನೂ ಇರಲಿಲ್ಲ. ನಾವು ಕೇಳಿದ್ದರೆ ಹನ್ನೆರಡನೆಯ ಹಾಸಿಗೆಗೂ ವ್ಯವಸ್ಥೆಯಾಗುತ್ತಿತ್ತು. ಆದರೆ ಹಾಗೆ ಕೇಳಬೇಕೆಂಬುದು ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಕ್ಷತ್ರಗಳನ್ನು ಕಂಡು ತೇವಗೊಂಡ ಕಣ್ಣುಗಳಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಚಳಿಗೆ ಮುದುಡಿ ಕುಳಿತಿದ್ದ ಮನುಷ್ಯನು ಕಾಣಲಿಲ್ಲ.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೇ ಸೂಕ್ತವು ಅಲ್ಲಾಹನ ಆರಾಧನೆಯ ಆದೇಶದ ಬೆನ್ನಿಗೇ ಯಾರುಯಾರೊಂದಿಗೆ ಸದ್ವರ್ತನೆ ತೋರಬೇಕೆಂಬುದನ್ನು ಪಟ್ಟಿಮಾಡುತ್ತದೆ. ಮಾತಾಪಿತರು, ಬಂಧುಗಳು, ಅನಾಥರು, ಬಡವರು, ಬಂಧುವಾದ ನೆರೆಯವರು, ಅಪರಿಚಿತ ನೆರೆಯವರು ಇವರೆಲ್ಲರ ಬಳಿಕ ‘ಪಕ್ಕದ ಸಂಗಾತಿ’ಯ ಉಲ್ಲೇಖವಿದೆ. ಈ ಪದಕ್ಕೆ ಬಾಳಸಂಗಾತಿಯೆಂದು ಕೆಲವು ವ್ಯಾಖ್ಯಾನಕಾರರು ಅರ್ಥ ಹೇಳಿದ್ದರೆ, ಪ್ರಯಾಣದ ಜೊತೆಗಾರನೆಂದು ಇನ್ನು ಹಲವರು ವಿವರಿಸಿದ್ದಾರೆ. ಒಂದು ಗಳಿಗೆಯ ಮಟ್ಟಿಗೆ ನಮ್ಮ ಪಕ್ಕದಲ್ಲಿ ಕುಳಿತವನೂ ಇದರಲ್ಲಿ ಸೇರುತ್ತಾನೆಂಬ ಅಭಿಪ್ರಾಯವೂ ಇದೆ. ಹಾಗಿರುವಾಗ ಮೂರು ದಿನ ನಮ್ಮೆಲ್ಲರ ಪ್ರಾಣವನ್ನು ತನ್ನ ಎರಡು ಕೈಗಳಲ್ಲಿ ಹಿಡಿದು ನಡೆಸುವವನು ಸಂಗಾತಿಯಲ್ಲದೆ ಇನ್ನೇನು?

ಇಲ್ಲಿ ಸಾಮಾನ್ಯವಾಗಿ ಒಂದು ವಾದ ಕೇಳಿಬರುತ್ತದೆ. ಬಾಡಿಗೆ ಕೊಟ್ಟಿದ್ದೇವೆ, ದಿನದ ಭತ್ತೆಯನ್ನೂ ಕೊಡುತ್ತೇವೆ, ಇನ್ನೇನು ಬಾಕಿ ಉಳಿಯಿತು ಎಂಬುದೇ ಆ ವಾದ. ನಮ್ಮಲ್ಲಿಯೂ ಒಬ್ಬರು ಅಂದು ಹೀಗೆಯೇ ಕೇಳಿದರು. ಕೂಲಿಯನ್ನು ಬೆವರು ಆರುವ ಮೊದಲೇ ಕೊಡಬೇಕೆಂಬುದು ಇಸ್ಲಾಮಿನ ಶಿಕ್ಷಣ. ಅದನ್ನು ಕೊಟ್ಟವನು ಒಂದು ಹಕ್ಕನ್ನು ತೀರಿಸಿದನು. ಆದರೆ ಕೂಲಿಯು ದುಡಿಮೆಯ ಬೆಲೆಯೇ ಹೊರತು ಮನುಷ್ಯನ ಬೆಲೆಯಲ್ಲ. ಸಂಗಾತಿಯ ಹಕ್ಕು ಬಾಡಿಗೆಯ ಲೆಕ್ಕದಲ್ಲಿ ಸೇರಿಲ್ಲ, ಬಾಡಿಗೆಯಿಂದ ಅದು ತೀರುವುದೂ ಇಲ್ಲ. ಅಡುಗೆಯ ಬಿಸಿ ಮತ್ತು ಹೊಗೆಯನ್ನು ಸಹಿಸಿ ಊಟ ತಂದಿಡುವ ಸೇವಕನನ್ನು ತಮ್ಮೊಂದಿಗೆ ಕುಳ್ಳಿರಿಸಿ ಉಣಿಸಬೇಕು, ಅದು ಸಾಧ್ಯವಾಗದಿದ್ದರೆ ಒಂದೆರಡು ತುತ್ತನ್ನಾದರೂ ಆತನ ಕೈಗಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಆ ಸೇವಕನಿಗೆ ವೇತನ ಸಲ್ಲಲಿ, ಸಲ್ಲದಿರಲಿ, ತುತ್ತಿನ ಹಕ್ಕು ಬೇರೆಯೇ ಆಗಿತ್ತು.

ಇನ್ನೊಂದು ವಾದವೂ ಇದೆ. ನಮ್ಮೊಂದಿಗೆ ಕುಳಿತುಕೊಳ್ಳಲು ಅವರಿಗೇ ಸಂಕೋಚ, ದೂರವಿದ್ದರೆ ಅವರಿಗೂ ಹಿತ ಎನ್ನುತ್ತೇವೆ. ಒಬ್ಬ ಮನುಷ್ಯನು ಹತ್ತಾರು ಗುಂಪುಗಳನ್ನು ಹತ್ತಾರು ಊರುಗಳಿಗೆ ಕರೆದೊಯ್ದು, ಎಲ್ಲಿಯೂ ಯಾರೂ ಒಳಗೆ ಕರೆಯದಿದ್ದಾಗ, ಹೊರಗೆ ಉಳಿಯುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾನೆ. ಆ ಅಭ್ಯಾಸಕ್ಕೆ ನಾವು ಸಂಕೋಚವೆಂದು ಹೆಸರಿಟ್ಟು ನಮ್ಮ ಮನಸ್ಸನ್ನು ಸಮಾಧಾನಪಡಿಸಿಕೊಳ್ಳುತ್ತೇವೆ.

ಚಾಲಕರು ನಮ್ಮ ಧರ್ಮದವರಲ್ಲ. ಆದರೆ ಇದರಿಂದ ಅವರ ಹಕ್ಕು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಇಸ್ಲಾಮೀ ಇತಿಹಾಸದ ಅತ್ಯಂತ ಮಹತ್ವದ ಪ್ರಯಾಣ ಹಿಜ್ರತ್. ಆ ಪ್ರಯಾಣದಲ್ಲಿ ಮರುಭೂಮಿಯ ದಾರಿ ತೋರಿಸಲು ಪ್ರವಾದಿವರ್ಯರು(ಸ) ಮತ್ತು ಹಝ್ರತ್ ಅಬೂಬಕರ್(ರ) ಕೂಲಿಗೆ ಗೊತ್ತುಮಾಡಿಕೊಂಡದ್ದು ಅಬ್ದುಲ್ಲಾ ಬಿನ್ ಉರೈಕಿತ್ ಎಂಬ ವ್ಯಕ್ತಿಯನ್ನು. ಆತ ಆಗ ಮುಸ್ಲಿಮನಾಗಿರಲಿಲ್ಲ. ಕುರೈಶರ ಧರ್ಮದಲ್ಲಿಯೇ ಇದ್ದನು. ಆದರೂ ಅವರು ತಮ್ಮ ಎರಡು ಒಂಟೆಗಳನ್ನು ಅವನ ವಶಕ್ಕೊಪ್ಪಿಸಿ, ಮೂರು ರಾತ್ರಿಗಳ ಬಳಿಕ ಸೌರ್ ಗುಹೆಯ ಬಳಿಗೆ ಬರಲು ತಿಳಿಸಿದರು. ಶತ್ರುಗಳು ಹುಡುಕುತ್ತಿದ್ದ ಗುಟ್ಟು ಕೂಲಿಯ ಮಾರ್ಗದರ್ಶಕನೊಬ್ಬನ ಬಳಿ ಅಮಾನತ್ತಾಗಿತ್ತು. ಅವನೂ ಆ ವಿಶ್ವಾಸವನ್ನು ಉಳಿಸಿಕೊಂಡನು. ದಾರಿ ಬಲ್ಲ ಕೂಲಿಯವನನ್ನು ಈ ಮಟ್ಟದಲ್ಲಿ ನಂಬಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ನಮ್ಮ ದಾರಿ ಬಲ್ಲವನಿಗೆ ಒಂದು ಕಂಬಳಿ ಕೊಡುವುದನ್ನೂ ಮರೆತಿದ್ದೆವು.

ಬದ್ರ್‌ಗೆ ಹೊರಟಾಗ ಮುಸ್ಲಿಮರ ಬಳಿ ಇದ್ದುದು ಸುಮಾರು 70 ಒಂಟೆಗಳು. ಮುನ್ನೂರಕ್ಕೂ ಹೆಚ್ಚು ಮಂದಿ ಸರದಿಯಂತೆ ಅವುಗಳನ್ನೇರಿ ಸಾಗಬೇಕಿತ್ತು. ಪ್ರವಾದಿವರ್ಯರೂ(ಸ) ಇಬ್ಬರೊಂದಿಗೆ ಒಂದು ಒಂಟೆಯನ್ನು ಹಂಚಿಕೊಂಡರು. ಅವರ ನಡೆಯುವ ಸರದಿ ಬಂದಾಗ, ತಮ್ಮ ಬದಲು ತಾವು ನಡೆಯುತ್ತೇವೆಂದು ಜೊತೆಗಾರರು ಕೇಳಿಕೊಂಡರು. ನೀವು ನನಗಿಂತ ಬಲಶಾಲಿಗಳೂ ಅಲ್ಲ, ನನಗೆ ನಿಮಗಿಂತ ಪುಣ್ಯದ ಅಗತ್ಯ ಕಡಿಮೆಯೂ ಅಲ್ಲ ಎಂಬರ್ಥದ ಉತ್ತರ ಕೊಟ್ಟು ಅವರು ನಡೆದೇ ಸಾಗಿದರು. ಪಯಣದಲ್ಲಿ ಗುಂಪಿನ ಹಿಂಬದಿಯಲ್ಲಿ ಉಳಿದು, ದುರ್ಬಲರನ್ನು ಮುಂದಕ್ಕೆ ಕರೆತರುವುದು, ಸವಾರಿಯಿಲ್ಲದವರನ್ನು ತಮ್ಮ ಹಿಂದೆ ಕುಳ್ಳಿರಿಸಿಕೊಳ್ಳುವುದು ಅವರ ರೂಢಿಯಾಗಿತ್ತೆಂದು ಹಝ್ರತ್ ಜಾಬಿರ್(ರ) ವರದಿ ಮಾಡಿದ್ದಾರೆ. ಹಝ್ರತ್ ಜರೀರ್ ಬಿನ್ ಅಬ್ದುಲ್ಲಾ(ರ) ವಯಸ್ಸಿನಲ್ಲಿ ಹಿರಿಯರಾಗಿದ್ದರೂ ಪ್ರಯಾಣದಲ್ಲಿ ಕಿರಿಯರಾದ ಹಝ್ರತ್ ಅನಸ್(ರ)ರ ಸೇವೆ ಮಾಡುತ್ತಿದ್ದರು. ಪ್ರಯಾಣದಲ್ಲಿ ಸೇವೆ ಮೇಲಿನವರಿಂದ ಕೆಳಗಿನವರಿಗೆ ಹರಿಯಬೇಕೆಂಬುದನ್ನು ಈ ಮಹನೀಯರು ಬದುಕಿ ತೋರಿಸಿದರು.

ಪ್ರಯಾಣವು ಕಷ್ಟಕರವೆಂಬುದನ್ನು ಶರೀಅತ್ ಮನ್ನಿಸಿದೆ. ಆದ್ದರಿಂದಲೇ ನಾಲ್ಕು ರಕ್‌ಅತ್‌ಗಳ ನಮಾಝ್ ಎರಡಾಗುತ್ತದೆ, ರಮಝಾನಿನ ಉಪವಾಸವನ್ನು ಮುಂದೂಡಲು ಅನುಮತಿಯಿದೆ. ಅಂದು ರಾತ್ರಿ ಆ ರಿಯಾಯಿತಿಯನ್ನು ನಾವು ಸಂತೋಷದಿಂದ ಪಡೆದುಕೊಂಡೆವು. ನಮ್ಮ ಪ್ರಭು ನಮ್ಮ ದಣಿವನ್ನು ಕಂಡು ತನ್ನ ಹಕ್ಕಿನಲ್ಲಿಯೇ ಕಡಿತ ಮಾಡಿಕೊಂಡನು. ದಿನವಿಡೀ ಗಾಡಿ ನಡೆಸಿ ದಣಿದವನಿಗೆ ನಾವು ಯಾವ ರಿಯಾಯಿತಿ ಕೊಟ್ಟೆವು? ಬೆಳಗ್ಗೆ ಬೇಗ ಹೊರಡಬೇಕು, ಸಿದ್ಧವಾಗಿರಬೇಕು ಎಂದು ಮಾತ್ರ ಹೇಳಿ ಮಲಗಲು ಹೋಗಿದ್ದೆವು. ನಿದ್ದೆಗೆಟ್ಟ ಚಾಲಕನು ಘಟ್ಟದ ತಿರುವುಗಳಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿದರೆ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನ ಹಕ್ಕನ್ನು ಕಡೆಗಣಿಸಿದವರು ತಮ್ಮ ಮಕ್ಕಳ ಹಕ್ಕನ್ನೂ ಅಪಾಯಕ್ಕೊಡ್ಡುತ್ತಾರೆ.

ಮೂವರು ಪ್ರಯಾಣ ಹೊರಟರೂ ಒಬ್ಬರನ್ನು ಅಮೀರ್ ಆಗಿ ಆರಿಸಿಕೊಳ್ಳಬೇಕೆಂಬ ಪ್ರವಾದಿ(ಸ) ಬೋಧನೆ ನಮಗೆ ಗೊತ್ತಿತ್ತು. ಆದರೆ ಹೊರಡುವಾಗ ನಾವು ಆರಿಸಿದ್ದು ಹಣದ ಲೆಕ್ಕ ಇಡುವವರನ್ನು ಮಾತ್ರ. ಅಂದು ಬೆಳಗ್ಗೆ ಇಮಾಮರನ್ನೇ ಅಮೀರ್ ಎಂದು ಒಪ್ಪಿಕೊಂಡೆವು. ಅವರು ಮೂರು ತೀರ್ಮಾನಗಳನ್ನು ಪ್ರಕಟಿಸಿದರು. ಮಧ್ಯಾಹ್ನದವರೆಗೆ ಗಾಡಿ ಹೊರಡುವುದಿಲ್ಲ. ಕಾಕಾ ಗುಡಾರದಲ್ಲಿ ಮಲಗಿ ವಿಶ್ರಾಂತಿ ಪಡೆಯುತ್ತಾರೆ. ಇನ್ನು ಮುಂದೆ ಎಲ್ಲ ಲೆಕ್ಕಗಳಲ್ಲಿಯೂ ನಾವು ಹನ್ನೆರಡು ಮಂದಿ. ಹನ್ನೆರಡನೆಯವರ ಖರ್ಚನ್ನು ಹನ್ನೊಂದು ಮಂದಿ ಹಂಚಿಕೊಳ್ಳಬೇಕು. ಅಂದಿನ ಕಾರ್ಯಕ್ರಮದಲ್ಲಿ ಎರಡು ಸ್ಥಳಗಳು ಕೈತಪ್ಪಿದವು. ಒಬ್ಬಿಬ್ಬರು ಗೊಣಗಿದರು, ನಿಜ. ಆದರೆ ಲೆಕ್ಕ ಹಾಕಿದಾಗ ತಲೆಗೆ ಬಂದ ಹೆಚ್ಚಿನ ಖರ್ಚು ಒಂದು ಊಟದ ಬೆಲೆಗಿಂತಲೂ ಕಡಿಮೆಯಾಗಿತ್ತು.

ಮಧ್ಯಾಹ್ನದ ಊಟಕ್ಕೆ ಚಾಲಕರು ನಮ್ಮ ನಡುವೆ ಕುಳಿತರು. ಮೊದಮೊದಲು ಮಾತೇ ಇರಲಿಲ್ಲ. ಅನಂತರ ಬಾಯಿಬಿಟ್ಟಾಗ, ನಮ್ಮ ಗುಂಪಿನಲ್ಲಿ ಕಾಡನ್ನು ಬಲ್ಲವರು ಅವರೊಬ್ಬರೇ ಎಂಬುದು ಬೆಳಕಿಗೆ ಬಂತು. ಅವರು ಬೀಳಗಿ ತಾಲೂಕಿನವರು. ಬಾಲ್ಯದಲ್ಲಿ ಯಡಹಳ್ಳಿಯ ಗುಡ್ಡಗಳಲ್ಲಿ ಕುರಿ ಕಾಯ್ದವರು. ಗುಡಾರದ ಹಿಂದೆ ನಾವು ಎಸೆದಿದ್ದ ಹಣ್ಣಿನ ಸಿಪ್ಪೆ ಮತ್ತು ಬಿಸ್ಕತ್ತಿನ ಪೊಟ್ಟಣಗಳನ್ನು ಅವರೇ ಆರಿಸತೊಡಗಿದರು. “ಇದು ಅವುಗಳ ದಾರಿ ಅದಾವ್ರಿ. ವಾಸನಿ ಹಿಡದು ಬರ್ತಾವು. ಬಂದ್ರ ಅವಕ್ಕೂ ಚೊಲೊ ಅಲ್ಲ, ನಮಗೂ ಚೊಲೊ ಅಲ್ಲ” ಎಂದರು.

ಆ ಮಾತು ಕೇಳಿ ಇಮಾಮರಿಗೆ ಒಂದು ಹದೀಸ್ ನೆನಪಾಯಿತು. ರಾತ್ರಿ ತಂಗುವಾಗ ದಾರಿಯ ಮೇಲೆ ಬೀಡುಬಿಡಬಾರದು, ಅದು ರಾತ್ರಿವೇಳೆ ಪ್ರಾಣಿಗಳು ಸಂಚರಿಸುವ, ಹುಳಹುಪ್ಪಟೆಗಳು ಆಶ್ರಯ ಪಡೆಯುವ ಜಾಗವೆಂದು ಪ್ರವಾದಿವರ್ಯರು(ಸ) ಪ್ರಯಾಣಿಕರಿಗೆ ಎಚ್ಚರಿಸಿದ್ದರು. ಇನ್ನೊಂದು ಪ್ರಯಾಣದಲ್ಲಿ ಸಹಾಬಿಗಳು ಒಂದು ಚಿಕ್ಕ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಿದ್ದರು. ತಾಯಿಹಕ್ಕಿಯು ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಅದನ್ನು ಕಂಡ ಪ್ರವಾದಿವರ್ಯರು(ಸ), ಮರಿಗಳ ವಿಷಯದಲ್ಲಿ ಈ ತಾಯಿಯನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಅವುಗಳನ್ನು ಮರಳಿಸುವಂತೆ ಆದೇಶಿಸಿದರು. ಅದೇ ಪ್ರಯಾಣದಲ್ಲಿ ಇರುವೆಗಳ ಗೂಡು ಸುಟ್ಟಿರುವುದನ್ನು ಕಂಡಾಗಲೂ ಅವರು ಆಕ್ಷೇಪಿಸಿದರು. ಭೂಮಿಯ ಮೇಲೆ ಚಲಿಸುವ ಪ್ರಾಣಿಗಳೂ ರೆಕ್ಕೆಗಳಿಂದ ಹಾರುವ ಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳೆಂಬ ತಿಳಿವಳಿಕೆಯನ್ನು ಕುರ್‌ಆನಿನ ಅಲ್‌ಅನ್‌ಆಮ್ ಅಧ್ಯಾಯವು ನೀಡುತ್ತದೆ. ಹಾಗಾದರೆ ಕಾಡಿನಲ್ಲಿ ರಾತ್ರಿ ತಂಗುವವನಿಗೆ ಪಕ್ಕದ ಸಂಗಾತಿಗಳು ಗುಡಾರದ ಒಳಗೆ ಮಾತ್ರ ಇರುವುದಿಲ್ಲ.

ಹನ್ನೆರಡನೆಯ ಮನುಷ್ಯನನ್ನು ಮರೆಯುವ ಮನಸ್ಸಿಗೂ ಪ್ಲಾಸ್ಟಿಕ್ ಎಸೆಯುವ ಕೈಗೂ ಸಂಬಂಧವಿದೆಯೆಂಬುದು ನಮ್ಮ ಅಭಿಪ್ರಾಯ. ನಾವು ಹಣ ಕೊಟ್ಟಿದ್ದೇವೆ, ಆದ್ದರಿಂದ ಇಲ್ಲಿರುವುದೆಲ್ಲ ನಮ್ಮ ಸಂತೋಷಕ್ಕಾಗಿ ಇದೆ ಎಂಬ ಒಂದೇ ಭಾವನೆ ಎರಡಕ್ಕೂ ಮೂಲ. ಆ ಭಾವನೆಯಲ್ಲಿ ಚಾಲಕನು ಯಂತ್ರದ ಭಾಗವಾಗುತ್ತಾನೆ, ಕಾಡು ಚಿತ್ರದ ಹಿನ್ನೆಲೆಯಾಗುತ್ತದೆ. ಶಿಬಿರದ ಬಳಿ ಕಂಡ ಅರಣ್ಯ ಕಾವಲುಗಾರರೊಬ್ಬರು ಮಂಗಟ್ಟೆಯ ವಿಷಯ ತಿಳಿಸಿದ್ದರು. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣುಹಕ್ಕಿಯು ಮರದ ಪೊಟರೆಯೊಳಗೆ ಸೇರಿ, ಒಂದು ಸಣ್ಣ ಸೀಳನ್ನುಳಿದು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಗಂಡುಹಕ್ಕಿಯು ವಾರಗಟ್ಟಲೆ ಹಣ್ಣುಗಳನ್ನು ತಂದು ಆ ಸೀಳಿನ ಮೂಲಕ ಉಣಿಸುತ್ತದೆ. ಕತ್ತಲೆಯಲ್ಲಿ ಕುಳಿತ ಸಂಗಾತಿಯ ನೆನಪು ಒಂದು ಹಕ್ಕಿಗೆ ಇರುವಾಗ, ವಿವೇಕ ಪಡೆದ ಮನುಷ್ಯನು ಅದನ್ನು ಮರೆತರೆ ಯಾವ ನೆಪ ಹೇಳಿಯಾನು?

ಮರಳುವ ದಿನ ಚಾಲಕರು ತಾವಾಗಿಯೇ ಒಂದು ಮಾತು ಕೇಳಿದರು. ಅಷ್ಟು ದೂರದ ಕಾಡು ನೋಡಿದಿರಿ, ನಮ್ಮೂರ ಕಾಡು ನೋಡಿದ್ದೀರೇನು ಎಂದು. ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವು 2016ರಲ್ಲಿ ಘೋಷಿತವಾದದ್ದು. ಅದರ ವಿಸ್ತೀರ್ಣ 96.36 ಚದರ ಕಿ.ಮೀ. ಚಿಂಕಾರವು ಹುಲ್ಲೆಯ ಜಾತಿಯ ಸಣ್ಣ ಪ್ರಾಣಿ. ಎಲೆಗಳಲ್ಲಿರುವ ತೇವ ಮತ್ತು ಇಬ್ಬನಿಯಿಂದಲೇ ನೀರಿನ ಅಗತ್ಯವನ್ನು ಪೂರೈಸಿಕೊಂಡು, ನೀರು ಕುಡಿಯದೆ ಬಹಳ ದಿನ ಬದುಕಬಲ್ಲದು. ಬಿಸಿಲಿನ ಬಯಲುಸೀಮೆಗೆಂದೇ ಸೃಷ್ಟಿಕರ್ತನು ರೂಪಿಸಿದ ಜೀವವದು. ನಾವು ಹುಟ್ಟಿ ಬೆಳೆದ ನೆಲದಲ್ಲಿ, ನಮ್ಮ ಮನೆಗಳಿಂದ ಒಂದೆರಡು ಗಂಟೆಗಳ ಹಾದಿಯಲ್ಲಿ ಅದು ಬಾಳುತ್ತಿದೆ. ನೆರೆಯವನ ಹಕ್ಕಿನ ಕುರಿತು ನಾವು ಎಷ್ಟೋ ಪ್ರವಚನಗಳನ್ನು ಕೇಳಿದ್ದೇವೆ. ಈ ನೆರೆಯ ಹೆಸರೇ ನಮ್ಮಲ್ಲಿ ಹಲವರಿಗೆ ತಿಳಿದಿರಲಿಲ್ಲ.

ಊರು ಸೇರುವ ಮೊದಲು ಚಾಲಕರು ಗಾಡಿಯನ್ನು ಆ ಗುಡ್ಡಗಳ ಕಡೆಗೆ ತಿರುಗಿಸಿದರು. ಧಾಮದ ಒಳಗೆ ಹೋಗದೆ ರಸ್ತೆಯ ಬದಿಯಲ್ಲಿಯೇ ನಿಂತೆವು. ಕುರುಚಲು ಗಿಡಗಳ ನಡುವೆ ಅವರು ಬೆರಳು ತೋರಿಸಿದ ಕಡೆ ದೂರದಲ್ಲಿ ಎರಡು ಪ್ರಾಣಿಗಳು ಕಂಡವು. ನಮ್ಮಲ್ಲಿ ಕೆಲವರು ಅವನ್ನು ಮೇಕೆಗಳೆಂದೇ ತಿಳಿದೆವು. ಅವರು ನಕ್ಕು, ತಾಳ್ಮೆಯಿಂದ ಕೊಂಬನ್ನೂ ಬಾಲದ ಅಲುಗಾಟವನ್ನೂ ಗುರುತಿಸುವುದು ಹೇಗೆಂದು ಹೇಳಿಕೊಟ್ಟರು. ಮೂರು ದಿನಗಳ ಹಿಂದೆ ನಾವು ಲೆಕ್ಕಕ್ಕೆ ಹಿಡಿಯದಿದ್ದ ಮನುಷ್ಯರು ಆ ಸಂಜೆ ನಮಗೆ ಗುರುಗಳಾಗಿದ್ದರು.

ಪ್ರವಾಸ ಹೊರಡುವ ನಮ್ಮ ಸಹೋದರರಲ್ಲಿ ನಮ್ಮ ವಿನಂತಿ ಇಷ್ಟೇ. ತಲೆಗಳನ್ನು ಎಣಿಸುವಾಗ ಚಾಲಕನಿಂದ ಆರಂಭಿಸಿರಿ. ಗಾಡಿ ಗೊತ್ತುಮಾಡುವ ದಿನವೇ ಅವನ ಹಾಸಿಗೆ, ಅವನ ಊಟ ಮತ್ತು ಅವನ ನಿದ್ದೆಯ ವೇಳೆಯನ್ನು ನಿಶ್ಚಯಿಸಿರಿ. ಗುಂಪಿನಲ್ಲಿ ಅಡುಗೆ ಮಾಡುವವನು, ಪಾತ್ರೆ ತೊಳೆಯುವವನು ಪ್ರತಿ ಬಾರಿಯೂ ಒಬ್ಬನೇ ಆಗಿದ್ದರೆ, ಮತ್ತು ಅವನೇ ಗುಂಪಿನಲ್ಲಿ ಬಡವನಾಗಿದ್ದರೆ, ಅದನ್ನು ಅವನ ಒಳ್ಳೆಯ ಗುಣವೆಂದು ಹೊಗಳಿ ಸುಮ್ಮನಾಗದಿರಿ, ಸರದಿ ಹಚ್ಚಿರಿ. ಹಣದ ಪಾಲು ಕೊಡಲಾಗದೆ ಹಿಂದೆ ಉಳಿಯುವ ಗೆಳೆಯನಿದ್ದರೆ ಅವನ ಮಾನಕ್ಕೆ ಕುಂದು ಬಾರದಂತೆ ಅವನನ್ನು ಕೂಡಿಸಿಕೊಳ್ಳಿರಿ. ತಂಗಿದ ನೆಲವನ್ನು ನೀವು ಕಂಡ ಸ್ಥಿತಿಗಿಂತ ಶುಚಿಯಾಗಿ ಬಿಟ್ಟುಬನ್ನಿರಿ. ಆ ನೆಲದ ಒಡೆಯರು ರಾತ್ರಿ ಅಲ್ಲಿಗೆ ಮರಳುವರಿದ್ದಾರೆ.

ಪ್ರಯಾಣ ಹೊರಡುವಾಗ ಪ್ರವಾದಿವರ್ಯರು(ಸ) ಮಾಡುತ್ತಿದ್ದ ಪ್ರಾರ್ಥನೆಯನ್ನು ನಾವೂ ಗಾಡಿಯಲ್ಲಿ ಕುಳಿತು ಓದಿದ್ದೆವು. ಅದರಲ್ಲಿ ಅಲ್ಲಾಹನನ್ನೇ ಪ್ರಯಾಣದ ಸಂಗಾತಿಯೆಂದು ಕರೆಯಲಾಗಿದೆ. ಅವನು ನಮ್ಮ ಸಂಗಾತಿಯಾಗಿರಲೆಂದು ಬೇಡುವ ನಾಲಿಗೆ, ಅವನು ನಮ್ಮ ಪಕ್ಕದಲ್ಲಿ ಕುಳ್ಳಿರಿಸಿದ ಸಂಗಾತಿಯನ್ನು ಮರೆಯದಿರಲಿ. ಎಣಿಕೆಯಲ್ಲಿ ಬಿಟ್ಟುಹೋಗುವವರನ್ನು ಕಾಣುವ ಕಣ್ಣನ್ನು, ಕಂಡಮೇಲೆ ಸರಿದು ಜಾಗ ಮಾಡಿಕೊಡುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.